‘ಇಂದಿಗೂ ಪ್ರಸ್ತುತ’ ಎಂಬ ಮಾತಿನ ವಿಮರ್ಶೆ

ಹಳೆಯ ಪತ್ರಿಕೆಯ ವ್ಯಂಗ್ಯಚಿತ್ರವೊಂದು ಕಣ್ಣಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿ ಆಡುವ ಮಾತು ಒಂದೇ: “ಇದು ನಿನ್ನೆ ಬರೆದಂತಿದೆಯಲ್ಲ!” ನಮ್ಮ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅವರು 1951ರಿಂದ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ಬರೆಯತೊಡಗಿದ ಕಿರುಚಿತ್ರಗಳನ್ನು ಕುರಿತು ಈ ಉದ್ಗಾರ ವಿಶೇಷವಾಗಿ ಕೇಳಿಬರುತ್ತದೆ. ರಸ್ತೆಯ ಗುಂಡಿ, ಮಂತ್ರಿಯ ಆಶ್ವಾಸನೆ, ಏರಿದ ಬೆಲೆ, ಕಚೇರಿಯಲ್ಲಿ ಮಲಗಿದ ಕಡತ, ಇವೆಲ್ಲವೂ ಅಲ್ಲಿವೆ, ಇಲ್ಲಿಯೂ ಇವೆ. ಆದಕಾರಣ ಲೋಕವು ಒಂದಿಷ್ಟೂ ಬದಲಾಗಿಲ್ಲವೆಂದು ನಾವು ನಿಟ್ಟುಸಿರಿಡುತ್ತೇವೆ. ಈ ನಿಟ್ಟುಸಿರು ವಿಚಾರದ ಒರೆಗಲ್ಲಿಗೆ ನಿಲ್ಲುವುದೇ ಎಂಬುದು ಪ್ರಸ್ತುತ ಲೇಖನದ ಜಿಜ್ಞಾಸೆ.

ಮೊದಲು ಲೆಕ್ಕ ನೋಡೋಣ. ಅರ್ಧ ಶತಮಾನ ದುಡಿದ ಚಿತ್ರಕಾರನು ವಾರಕ್ಕೆ ಆರರಂತೆ ಬರೆದನೆಂದು ಹಿಡಿದರೆ ಹದಿನೈದು ಸಾವಿರಕ್ಕೂ ಮಿಕ್ಕ ಚಿತ್ರಗಳಾಗುತ್ತವೆ. ನಮ್ಮಲ್ಲೊಬ್ಬನು ಇವುಗಳಲ್ಲಿ ಎಷ್ಟನ್ನು ಕಂಡಿದ್ದಾನೆ? ಪುಸ್ತಕರೂಪದಲ್ಲಿ ಬಂದ ಕೆಲವು ನೂರು. ಮೊಬೈಲಿನಲ್ಲಿ ಕೈಯಿಂದ ಕೈಗೆ ದಾಟಿ ಬಂದ ಹತ್ತಿಪ್ಪತ್ತು. ಪುಸ್ತಕ ಮಾಡಿದವರು ಟಿಪ್ಪಣಿಯಿಲ್ಲದೆ ತಿಳಿಯದ ಚಿತ್ರವನ್ನು ಬದಿಗಿಡುತ್ತಾರೆ. ಆ ಪುಸ್ತಕದಿಂದ ಒಂದನ್ನು ಎತ್ತಿ ಗೆಳೆಯರಿಗೆ ಕಳಿಸುವಾತನು ಈ ವಾರದ ಸುದ್ದಿಗೆ ಹೊಂದುವುದನ್ನೇ ಎತ್ತುತ್ತಾನೆ. ನೋಡಿದ ನಾವೂ ತಟ್ಟಿದ್ದನ್ನು ನೆನಪಿನಲ್ಲಿಟ್ಟು ಉಳಿದುದನ್ನು ಮರೆಯುತ್ತೇವೆ. ಹೀಗೆ ಮೂರು ಜರಡಿಗಳಲ್ಲಿ ಸೋಸಿ ಬಂದುದನ್ನು ಮುಂದಿಟ್ಟುಕೊಂಡು, “ನೋಡಿರಿ, ಎಲ್ಲವೂ ಇಂದಿನಂತೆಯೇ ಇದೆ” ಎಂದು ಬೆರಗಾಗುತ್ತೇವೆ. ಇಂದಿನಂತಿರುವುದನ್ನೇ ಆಯ್ದ ಮೇಲೆ ಅದು ಇಂದಿನಂತಿರದೆ ಮತ್ತೆ ಹೇಗಿದ್ದೀತು?

ಬ್ಯಾಡಗಿಯ ಪೇಟೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಂಬು ಬಿಡಿಸಿ, ಬಿಳಿಚಿಕೊಂಡ ಕಾಯಿ, ಮುರುಕು ಕಾಯಿಗಳನ್ನು ಬೇರ್ಪಡಿಸಿದ ಮೇಲೆ ಉಳಿದ ಕಡುಗೆಂಪು ರಾಶಿಯನ್ನು ದೂರದೂರಿನ ಅಂಗಡಿಯಲ್ಲಿ ಕಂಡವನು, ಈ ಸೀಮೆಯ ಹೊಲಗಳಲ್ಲಿ ಬೆಳೆಯುವ ಪ್ರತಿಯೊಂದು ಕಾಯಿಯೂ ಹೀಗೆಯೇ ಇರುತ್ತದೆಂದು ನಂಬಿದರೆ ರೈತನು ನಕ್ಕಾನು. ಕಾಯಿಯ ಬಣ್ಣ ಸುಳ್ಳಲ್ಲ. ಸುಳ್ಳಾದುದು ನೋಡಿದವನ ಊಹೆ.

ಜರಡಿಯಲ್ಲಿ ನಿಂತುಹೋದ ಚಿತ್ರಗಳು ಯಾವುವು? 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾಪೈಸೆ ಬಂದಾಗ ಅಂಗಡಿಕಟ್ಟೆಯ ಮೇಲೆ ಎದ್ದ ಗೊಂದಲವನ್ನು ಕುರಿತ ನಗೆ ಇಂದಿನ ಹುಡುಗನಿಗೆ ಅರ್ಥವಾಗದು. ಪಿ.ಎಲ್. 480 ಒಪ್ಪಂದದಡಿ ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿಗಾಗಿ ದೇಶವೇ ಕಾದು ಕುಳಿತಿದ್ದ ಕಾಲದ ಹಾಸ್ಯವೂ ಅಷ್ಟೆ. 1963ರ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗೆ ಮೀರಿದ ಹೊಸ ಆಭರಣ ಮಾಡಕೂಡದೆಂದು ವಿಧಿಸಿದಾಗ ಹಾವೇರಿ, ರಾಣೆಬೆನ್ನೂರುಗಳ ಅಕ್ಕಸಾಲಿಗರೂ ಸೇರಿ ನಾಡಿನ ಅಕ್ಕಸಾಲಿಗರೆಲ್ಲರ ಕುಲುಮೆಯ ಮೇಲೆ ಆ ನಿಯಮದ ನೆರಳು ಬಿದ್ದಿತು. ಆ ಸಂಕಟವನ್ನು ಕುರಿತ ಚಿತ್ರವನ್ನು ಈಗ ಯಾರು ಎತ್ತಿ ತೋರಿಸುತ್ತಾರೆ? ಚಿನ್ನ ನಿಯಂತ್ರಣದ ಕಾನೂನು 1990ರಲ್ಲಿ ರದ್ದಾಯಿತು; ಅದರೊಡನೆ ಅದನ್ನು ಕುರಿತ ವಿನೋದವೂ ಕಾಲವಾಯಿತು.

ಸಹೃದಯರು ಇಲ್ಲಿ ತುಸು ನಿಂತು ಆಲೋಚಿಸಬೇಕು. ತಿಳಿಯದೆ ಹೋದ ಚಿತ್ರವೇ ಲೋಕವು ಬದಲಾದುದಕ್ಕೆ ಸಾಕ್ಷಿ. ತೀರಿಹೋದ ಕಷ್ಟವನ್ನು ಕುರಿತ ನಗೆಯು ಕಷ್ಟದೊಡನೆಯೇ ತೀರುತ್ತದೆ, ತೀರದ ಕಷ್ಟದ ನಗೆ ಮಾತ್ರ ಉಳಿಯುತ್ತದೆ. ಆದ್ದರಿಂದ ಉಳಿದ ನಗೆಗಳನ್ನಷ್ಟೇ ಎಣಿಸಿದವನಿಗೆ ಯಾವ ಕಷ್ಟವೂ ತೀರಿಲ್ಲವೆಂದೇ ತೋರುತ್ತದೆ. ಬದಲಾವಣೆಯ ಸಾಕ್ಷ್ಯವನ್ನೆಲ್ಲ ಕಸಕ್ಕೆ ಹಾಕಿ, ಬಳಿಕ ಬದಲಾವಣೆಯೇ ಇಲ್ಲವೆಂದು ತೀರ್ಪು ಕೊಡುವ ನ್ಯಾಯಾಧೀಶನ ಸ್ಥಿತಿ ನಮ್ಮದು.

ಈ ತರ್ಕದೋಷ ಹೊಸದಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸೆರೋ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಹರಕೆ ಹೊತ್ತು ಬಿರುಗಾಳಿಯಿಂದ ಪಾರಾದ ನಾವಿಕರ ಚಿತ್ರಗಳನ್ನು ಗುಡಿಯಲ್ಲಿ ತೋರಿಸಿದಾಗ ಡಯಾಗೋರಸನೆಂಬವನು, ಮುಳುಗಿ ಸತ್ತವರ ಚಿತ್ರಗಳನ್ನು ಎಲ್ಲಿಯೂ ಬರೆದಿಲ್ಲವಲ್ಲ ಎಂದನಂತೆ. ಆತನು ನಾಸ್ತಿಕನೆಂದು ಹೆಸರಾದವನು, ನಿಜ. ಆದರೆ ಆಸ್ತಿಕನಾದವನಿಗೂ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವ ಹಕ್ಕಿಲ್ಲ.

ವ್ಯಂಗ್ಯಚಿತ್ರಗಳ ಮಾತು ಮಠದ ಪತ್ರಿಕೆಗೇಕೆ ಎಂದು ಕೇಳುವವರುಂಟು. ‘ಇಂದಿಗೂ ಪ್ರಸ್ತುತ’ ಎಂಬ ಮಾತನ್ನು ನಾವು ಅತಿಯಾಗಿ ಬಳಸುವುದು ಚಿತ್ರಗಳ ವಿಷಯದಲ್ಲಲ್ಲ, ವಚನಗಳ ವಿಷಯದಲ್ಲಿ. ಸರ್ವಜ್ಞನನ್ನೇ ತೆಗೆದುಕೊಳ್ಳಿರಿ. ಹಿರೇಕೆರೂರು ತಾಲೂಕಿನ ಅಬಲೂರಿನೊಡನೆ ಪರಂಪರೆಯು ಆತನ ಹೆಸರನ್ನು ಜೋಡಿಸಿದೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಆತನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದ ಮಹೋಪಕಾರವನ್ನು ನಾಡು ಮರೆಯಲಾರದು. ಶಾಲೆಯ ಗೋಡೆಗಳ ಮೇಲೆ ಬರೆಯಿಸುವುದು ವಿದ್ಯೆ, ಸಾಲ, ದಾನಗಳನ್ನು ಕುರಿತ ಕೆಲವೇ ತ್ರಿಪದಿಗಳನ್ನು. ಶಕುನದ ಪದಗಳು, ಬಿಡಿಸಲಾಗದ ಒಗಟುಗಳು, ಹೆಂಗಸರನ್ನೂ ಕೆಲವು ಕಸುಬಿನವರನ್ನೂ ಹಳಿಯುವ ಪದಗಳು ಅದೇ ಸಂಗ್ರಹದಲ್ಲಿವೆ. ಅವು ಗೋಡೆಗೆ ಬರುವುದಿಲ್ಲ. ಗೋಡೆಗೆ ಬಾರದಿರುವುದೇ ಲೇಸೆಂದು ಈ ಲೇಖಕನೂ ಒಪ್ಪುತ್ತಾನೆ. ಆದರೆ ಗೋಡೆಯ ಸರ್ವಜ್ಞನನ್ನೇ ಪೂರ್ಣ ಸರ್ವಜ್ಞನೆಂದು ಬಗೆದು ಆತನು ತ್ರಿಕಾಲಜ್ಞಾನಿಯೆಂದು ಭಾಷಣ ಬಿಗಿಯುವುದು ವಿಮರ್ಶೆಯಲ್ಲ.

ಶರಣರ ವಚನಗಳ ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ಆಸುಪಾಸಿನಲ್ಲಿ ವಿರಕ್ತರು ವಚನಗಳನ್ನು ಸಂಕಲಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನ ‘ಶೂನ್ಯಸಂಪಾದನೆ’ ಅಲ್ಲಮಪ್ರಭುವನ್ನು ನಡುವಿಟ್ಟು ಶರಣರನ್ನು ಸಂವಾದಕ್ಕೆ ಕೂಡಿಸಿತು. ಆ ಕಾಲದವರಿಗೆ ‘ಇಂದಿಗೂ ಪ್ರಸ್ತುತ’ವಾಗಿ ಕಂಡುದು ಷಟ್‌ಸ್ಥಲದ ಮಾರ್ಗ, ಲಿಂಗಾಂಗಸಾಮರಸ್ಯ, ಬೆಡಗಿನ ನುಡಿ. ಇಪ್ಪತ್ತನೆಯ ಶತಮಾನದಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡವೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ತರುವಾಯ ಜನತೆ ಆಯ್ದುಕೊಂಡುದು ಕಾಯಕ, ದಾಸೋಹ, ಸಮಾನತೆಗಳ ವಚನಗಳನ್ನು. ರಾಶಿ ಒಂದೇ, ಆಯ್ಕೆ ಎರಡು. ಇಬ್ಬರೂ ತಮ್ಮ ತಮ್ಮ ಶರಣರನ್ನು ಕಂಡು, ಇವರು ನಮ್ಮ ಕಾಲದವರೇ ಎಂದು ಹಿಗ್ಗಿದರು. ಮುಂದಿನ ಶತಮಾನವು ಮೂರನೆಯ ಆಯ್ಕೆಯನ್ನು ಮಾಡಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಅಂಬಿಗರ ಚೌಡಯ್ಯನು ನಮಗೆ ಹತ್ತಿರದವನು. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಡದಲ್ಲಿ, ಆತನ ಸ್ಮರಣೆಯಿದೆ. ಹನ್ನೆರಡನೆಯ ಶತಮಾನದ ವ್ಯಂಗ್ಯಚಿತ್ರಕಾರನೆಂದು ಯಾರನ್ನಾದರೂ ಕರೆಯಬಹುದಾದರೆ ಆತನನ್ನೇ ಕರೆಯಬೇಕು. ಇಷ್ಟದೈವದ ಅಂಕಿತವನ್ನೂ ಇಡದೆ ತನ್ನ ಹೆಸರನ್ನೇ ಇಟ್ಟು ಬೈದವನು. ಸಭೆಗಳಲ್ಲಿ ಆತನ ಯಾವ ವಚನಗಳನ್ನು ಕೇಳುತ್ತೇವೆ? ಪರರ ಆಚಾರವನ್ನು ಬೈದವುಗಳನ್ನು. ಲಿಂಗ ಕಟ್ಟಿಕೊಂಡೂ ನಡೆಯಲ್ಲಿ ಕೆಟ್ಟವರನ್ನು, ಗುರು-ಜಂಗಮರ ವೇಷ ಹೊತ್ತು ತಿರುಗುವವರನ್ನು ಆತನು ಇನ್ನೂ ಬಿರುಸಾಗಿ ಬೈದಿದ್ದಾನೆ. ಆ ವಚನಗಳ ಸರದಿ ಬಂದಾಗ ಪ್ರವಚನಕಾರರಿಗೆ ವೇಳೆ ಸಾಲದಾಗುತ್ತದೆ. ಇದು ಅರಿಯದೆ ಆದ ಆಯ್ಕೆಯಲ್ಲ, ಅನುಕೂಲಕ್ಕಾಗಿ ಮಾಡಿಕೊಂಡ ಆಯ್ಕೆ. ಜರಡಿಗಳಲ್ಲೆಲ್ಲ ಇದು ಹೆಚ್ಚು ಅಪಾಯಕರವಾದುದು.

ಆಯ್ಕೆಯೊಂದೇ ಎಲ್ಲಕ್ಕೂ ಕಾರಣವೆಂದು ವಾದಿಸಿದರೆ ಅದೂ ಅತಿರೇಕವೇ. ಕಲೆಗಾರನ ಪಾಲೂ ಇದೆ. ಲಕ್ಷ್ಮಣರ ಶ್ರೀಸಾಮಾನ್ಯನು ತುಟಿ ಬಿಚ್ಚುವುದಿಲ್ಲ. ಚೌಕಳಿಯ ಅಂಗಿ, ಧೋತರ, ಕನ್ನಡಕಗಳ ಆ ಮುದುಕನು ಮಾತನಾಡಿದ್ದರೆ ತನ್ನ ಕಾಲದ ಮಾತನ್ನೇ ಆಡಬೇಕಾಗುತ್ತಿತ್ತು. ಸುಮ್ಮನಿರುವುದರಿಂದ ಆತನ ಮೌನದಲ್ಲಿ ನಮ್ಮ ಮಾತಿಗೆ ಎಡೆ ದೊರೆಯುತ್ತದೆ. ಡಾ. ಎಂ. ಶಿವರಾಂ ಅವರು 1942ರಿಂದ 1967ರವರೆಗೆ ನಡೆಸಿದ ‘ಕೊರವಂಜಿ’ಯ ಪುಟಗಳಲ್ಲಿಯೂ ಮನೆವಾರ್ತೆಯ ವಿನೋದವು ಬೆಂಗಳೂರಿನ ಅಂದಿನ ರಾಜಕಾರಣದ ವಿನೋದಕ್ಕಿಂತ ಸುಲಭವಾಗಿ ಇಂದಿನವರನ್ನು ಮುಟ್ಟುತ್ತದೆ. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಮೂರು ತಾಲೂಕುಗಳವರಿಗೆ ಮೈಸೂರು ಸಂಸ್ಥಾನದ ರಾಜಕೀಯ ನಗೆಚಾಟಿಕೆಗಳು ಅಂದೇ ಪರಸ್ಥಳದವಾಗಿದ್ದವು ಎಂಬುದನ್ನೂ ಮರೆಯಬಾರದು. ಹೀಗಿರಲು, ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುವ ನಗೆ ಎಂಬುದು ಹಿಂದೆಯೂ ಅಪರೂಪವೇ ಆಗಿತ್ತು.

ಕರ್ನಾಟಕ ಸರಕಾರವು 1993ರಲ್ಲಿ ಹೊರತಂದ ‘ಸಮಗ್ರ ವಚನ ಸಂಪುಟ’ಗಳು ಹದಿನೈದು. ಅವು ಅನೇಕ ಮಠಗಳ, ವಾಚನಾಲಯಗಳ ಕಪಾಟುಗಳಲ್ಲಿವೆ. ಹಳೆಯ ವಿದ್ಯಾರ್ಥಿಗಳು ಶ್ರಾವಣ ಮಾಸದಲ್ಲಿ ಮಠಕ್ಕೆ ಬಂದಾಗ ಬೇಕಾದ ವಚನವನ್ನು ಹುಡುಕದೆ, ಒಂದು ಸಂಪುಟವನ್ನು ಹಿಡಿದು ಪುಟದ ಅನುಕ್ರಮದಲ್ಲಿ ಓದಬಹುದು. ಅರ್ಥವಾಗದ ವಚನ, ಒಪ್ಪಿಗೆಯಾಗದ ವಚನ, ನಮ್ಮ ಕಾಲಕ್ಕೆ ಏನೂ ಹೇಳದ ವಚನ ಎದುರಾದಾಗ ಅಲ್ಲಿ ಗುರುತಿನ ದಾರವಿಡಬೇಕು. ಮುಂದಿನ ಪ್ರವಚನವನ್ನು ಆ ದಾರವಿಟ್ಟ ಪುಟಗಳಿಂದ ಆರಂಭಿಸುವ ಧೈರ್ಯವುಳ್ಳ ಸ್ವಾಮಿಗಳವರು ನಮ್ಮ ಜಿಲ್ಲೆಯಲ್ಲಿ ಇಲ್ಲದೆ ಇಲ್ಲ.