ತಂದೆಯರ ಅಭಿಮಾನ, ಮಕ್ಕಳ ಮರಣ

‘ರೋಮಿಯೊ ಮತ್ತು ಜೂಲಿಯೆಟ್’ ನಾಟಕದ ದುರಂತವನ್ನು ವಿಧಿಯ ಮೇಲೆ ಹೊರಿಸುವುದು ವಾಡಿಕೆ. ಪತ್ರವು ಸಕಾಲಕ್ಕೆ ತಲುಪದಿದ್ದುದು ವಿಧಿಯಿರಬಹುದು. ಆದರೆ ಆ ಗುಪ್ತಪತ್ರವನ್ನು ಅವಶ್ಯಗೊಳಿಸಿದುದು ಮನೆತನಗಳ ಹಗೆ, ತಂದೆಯರ ಅಹಂಕಾರ. ಮದುವೆಗೆ ಒಪ್ಪದ ಮಗಳನ್ನು ಬೀದಿಪಾಲು ಮಾಡುವೆನೆಂದು ಗದರಿಸಿದ ಕ್ಯಾಪ್ಯುಲೆಟ್, ಲಗ್ನವನ್ನು ಒಂದು ದಿನ ಮುಂಚಿತವಾಗಿಯೇ ನಿಶ್ಚಯಿಸಿ ಅವಳಿಗಿದ್ದ ಅವಧಿಯನ್ನೂ ಕಸಿಯುತ್ತಾನೆ. ಶವಗಳೆದುರು ಸಂಧಿಯಾದಾಗಲೂ ತಂದೆಯರಿಬ್ಬರು ಚಿನ್ನದ ಪ್ರತಿಮೆಗಳ ವಾಗ್ದಾನದಲ್ಲಿ ಒಬ್ಬರನ್ನೊಬ್ಬರು ಸರಿಗಟ್ಟುವರು.

1889ರಲ್ಲಿ ಆನಂದರಾಯರು ರಚಿಸಿದ ಕನ್ನಡ ರೂಪಾಂತರ ‘ರಾಮವರ್ಮ ಲೀಲಾವತಿ’ಯಲ್ಲಿ ವಿಷ್ಣುವು ಪ್ರತ್ಯಕ್ಷನಾಗಿ ಪ್ರೇಮಿಗಳನ್ನು ಬದುಕಿಸುತ್ತಾನೆ. ಮಂಗಳಾಂತ್ಯವನ್ನು ಬಯಸುವ ನಮ್ಮ ರಂಗಸಂಪ್ರದಾಯಕ್ಕೆ ಇದು ಸಹಜವೇ. ಆದರೆ ಮಕ್ಕಳು ಮರಳಿ ಎದ್ದೊಡನೆ ಹಿರಿಯರ ಅಪರಾಧವೂ ಅಳಿಸಿಹೋಗುತ್ತದೆ.

ಇತಿಹಾಸವು ಇಂತಹ ವರವನ್ನು ಕೊಡದು. ರಾವಂದೂರಿನ ತಾಲ್ಲೂಕು ಕೇಂದ್ರವಾದ ಪಿರಿಯಾಪಟ್ಟಣದ ಕೋಟೆಯನ್ನು 17ನೆಯ ಶತಮಾನದಲ್ಲಿ ಮೈಸೂರಿನ ಸೈನ್ಯವು ಮುತ್ತಿದಾಗ, ವೀರರಾಜನು ತನ್ನ ಪತ್ನಿಯರನ್ನೂ ಮಕ್ಕಳನ್ನೂ ಕೊಂದು, ತಾನು ಕಾದಾಡಿ ಮಡಿದನೆಂದು ರೈಸ್ ಅವರ ಗೆಜೆಟಿಯರ್ ಹೇಳುತ್ತದೆ. ಅದು ಪ್ರಣಯದ ಕಥೆಯಲ್ಲ. ಆದರೂ ಹಿರಿಯರ ಮಾನಕ್ಕೆ ಕಿರಿಯರು ಪ್ರಾಣ ತೆತ್ತ ಅಂಶದಲ್ಲಿ ಎರಡೂ ಒಂದೇ. ಆದುದರಿಂದ, ಸತ್ತವರನ್ನು ಎಬ್ಬಿಸದೆ ಬದುಕಿರುವ ತಂದೆಯರನ್ನು ಅವರ ಮುಂದೆ ನಿಲ್ಲಿಸುವ ಮೂಲದ ಅಂತ್ಯವೇ ಹೆಚ್ಚು ಸತ್ಯವೆಂದು ನಾವು ಭಾವಿಸುತ್ತೇವೆ.