ಇಂಗ್ಲಿಷ್ ಸಾಹಿತ್ಯದಲ್ಲಿ ನಾಮಾರ್ಥವಿಚಾರ

ಇಂಗ್ಲಿಷ್ ನಾಟಕ ಕಾದಂಬರಿಗಳನ್ನು ಬೋಧಿಸುವವರಲ್ಲಿ ಪಾತ್ರಗಳ ಹೆಸರನ್ನು ಕುರಿತು ಎರಡು ಮತಗಳು ಕಂಡುಬರುತ್ತವೆ. ಹೆಸರಿನ ಮೂಲವನ್ನು ಶೋಧಿಸಿ, ಅಲ್ಲಿ ದೊರೆತ ಅರ್ಥವನ್ನೇ ಪಾತ್ರದ ಶೀಲಕ್ಕೆ ಬೀಗದ ಕೈಯೆಂದು ತೋರಿಸುವುದು ಒಂದು. ವ್ಯಕ್ತಿನಾಮವು ಬರಿಯ ಗುರುತು, ಅದರಲ್ಲಿ ವಿಚಾರಿಸತಕ್ಕದ್ದೇನೂ ಇಲ್ಲವೆಂದು ಕೈಬಿಡುವುದು ಇನ್ನೊಂದು. ಮೊದಲನೆಯದು ಸಂಸ್ಕೃತವನ್ನೋದಿದ ನಮ್ಮಂಥವರಿಗೆ ಸಹಜವಾದ ಚಾಪಲ; ಎರಡನೆಯದಕ್ಕೆ ಪಾಶ್ಚಾತ್ಯ ತರ್ಕಶಾಸ್ತ್ರದ ಬೆಂಬಲವುಂಟು. ಇವೆರಡರಿಂದಲೂ ಗ್ರಂಥದ ಸ್ವಾರಸ್ಯಕ್ಕೆ ಹಾನಿಯೇ ಹೊರತು ಲಾಭವಿಲ್ಲ. ಇಂಗ್ಲಿಷ್ ಹೆಸರಿನ ಅರ್ಥವು ಪ್ರಾಯಶಃ ವ್ಯುತ್ಪತ್ತಿಯಲ್ಲಿರದೆ, ಲೋಕರೂಢಿಯಲ್ಲಿಯೂ, ಯಾರು ಯಾರನ್ನು ಯಾವ ಹೆಸರಿನಿಂದ ಕರೆಯಬಹುದೆಂಬ ಮರ್ಯಾದೆಯಲ್ಲಿಯೂ ನೆಲೆಸಿರುವುದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮಹಾಭಾಷ್ಯದಲ್ಲಿ ಶಬ್ದಗಳ ಪ್ರವೃತ್ತಿಯು ಜಾತಿ, ಗುಣ, ಕ್ರಿಯೆ, ಯದೃಚ್ಛೆ ಎಂದು ನಾಲ್ಕು ಬಗೆಯಾಗಿ ಹೇಳಲ್ಪಟ್ಟಿದೆ. ಯದೃಚ್ಛಾಶಬ್ದಗಳೇ ಇಲ್ಲವೆಂಬ ಪಕ್ಷವೂ ಅಲ್ಲಿಯೇ ಚರ್ಚಿತವಾಗಿದೆ. ಹೆಸರಿಟ್ಟವನ ಇಚ್ಛೆಯೊಂದೇ ಆಧಾರವಾಗಿರುವ ಇಂಥ ಶಬ್ದಗಳಿಗೆ ಡಿತ್ಥ, ಡವಿತ್ಥ ಎಂಬ ಉದಾಹರಣೆಗಳು ಶಾಸ್ತ್ರಜ್ಞರಿಗೆಲ್ಲ ಪರಿಚಿತವಾದುವೇ. ಜಾನ್ ಸ್ಟುಅರ್ಟ್ ಮಿಲ್ಲನೂ 1843ರಲ್ಲಿ ಪ್ರಕಟಿಸಿದ ತನ್ನ ತರ್ಕಗ್ರಂಥದಲ್ಲಿ ವ್ಯಕ್ತಿನಾಮವು ವ್ಯಕ್ತಿಯನ್ನು ನಿರ್ದೇಶಿಸುವುದೇ ಹೊರತು ಅವನ ಯಾವ ಧರ್ಮವನ್ನೂ ತಿಳಿಸುವುದಿಲ್ಲವೆಂದು ವಾದಿಸಿದನು. ತರ್ಕದಲ್ಲಿ ಇದು ಸಾಧುವಾಗಿರಬಹುದು. ಕಾವ್ಯದಲ್ಲಿ ಹಾಗಲ್ಲ. ಇಡಬಹುದಾದ ನೂರು ಹೆಸರುಗಳಲ್ಲಿ ಕವಿಯು ಒಂದನ್ನು ಆರಿಸಿಕೊಂಡನೆಂದರೆ ಆ ಆಯ್ಕೆಯೇ ಒಂದು ಮಾತಾಯಿತು. ಆ ಮಾತು ಯಾವ ವೃತ್ತಿಯಿಂದ ಹೊರಡುತ್ತದೆಂಬುದೇ ಪ್ರಶ್ನೆ.

ಉತ್ತರಕ್ಕೆ ಆ ಭಾಷೆಯ ಚರಿತ್ರೆಯನ್ನು ನೋಡಬೇಕು. ನಾರ್ಮನ್ನರಿಗಿಂತ ಹಿಂದಿನ ಇಂಗ್ಲಿಷ್ ಹೆಸರುಗಳಲ್ಲಿ ಬಹುಪಾಲು ನಮ್ಮ ದೇವದತ್ತ ಯಜ್ಞದತ್ತರಂತೆ ಎರಡು ಪದಗಳ ಸಮಾಸಗಳು. ‘ಎಥೆಲ್’ ಎಂದರೆ ಕುಲೀನ, ‘ರೆಡ್’ ಎಂದರೆ ಮಂತ್ರಾಲೋಚನೆ. ಎರಡೂ ಸೇರಿ ಎಥೆಲ್‌ರೆಡ್. ಎಡ್ವರ್ಡನು ಸಂಪತ್ತಿನ ರಕ್ಷಕ. ವೆಸೆಕ್ಸಿನ ದೊರೆಯಾದ ಎಥೆಲ್‌ವುಲ್ಫನ ಮಕ್ಕಳಲ್ಲಿ ಎಥೆಲ್‌ಬಾಲ್ಡ್, ಎಥೆಲ್‌ಬರ್ಟ್, ಎಥೆಲ್‌ರೆಡ್ ಎಂಬುವರಿದ್ದರು. ಪೂರ್ವಪದವು ಅರ್ಥದ ಜೊತೆಗೆ ವಂಶದ ಗುರುತೂ ಆಗಿದ್ದಿತು. ಹೆಸರಿನ ಅರ್ಥವು ಜನರ ಕಿವಿಗೆ ಬೀಳುತ್ತಿದ್ದುದಕ್ಕೆ ಇನ್ನೊಬ್ಬ ಎಥೆಲ್‌ರೆಡ್ಡನೇ ಸಾಕ್ಷಿ. 978ರಿಂದ 1016ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟು, ಆಳಿದ ಈ ದೊರೆಗೆ ‘ಅನ್‌ರೆಡ್’ ಎಂಬ ಉಪನಾಮವು ಅಂಟಿತು. ಸುಮಂತ್ರನೆಂಬ ಹೆಸರಿನವನು ಕುಮಂತ್ರನಾದನೆಂಬಂಥ ಶ್ಲೇಷವಿದು. ‘ರೆಡ್’ ಎಂಬ ಪದವು ಬಳಕೆ ತಪ್ಪಿದ ಮೇಲೆ ಅದೇ ‘ಅನ್‌ರೆಡಿ’ ಎಂದಾಗಿ, ಸಿದ್ಧನಲ್ಲದವನೆಂದು ಜನರು ಅರ್ಥಮಾಡಿದರು. ಶ್ಲೇಷವು ಸತ್ತಿತು, ನಿಂದೆ ಮಾತ್ರ ಉಳಿಯಿತು.

1066ರ ನಾರ್ಮನ್ ವಿಜಯದ ತರುವಾಯ ಕೆಲವೇ ತಲೆಮಾರುಗಳಲ್ಲಿ ಹಳೆಯ ಹೆಸರುಗಳು ಬಹುಮಟ್ಟಿಗೆ ಹಿಂದೆಸರಿದು ವಿಲಿಯಂ, ರಾಬರ್ಟ್, ರಿಚರ್ಡ್, ಹೆನ್ರಿ ಎಂಬುವು ಹಬ್ಬಿದುವು. ಇವೂ ಮೂಲದಲ್ಲಿ ಜರ್ಮಾನಿಕ ಸಮಾಸಗಳೇ. ಆದರೆ ಅವುಗಳನ್ನು ತಂದವರು ಫ್ರೆಂಚನ್ನಾಡುತ್ತಿದ್ದುದರಿಂದ ಅರ್ಥವು ಕೊಟ್ಟವರಿಗೂ ತಿಳಿಯದು, ಕೊಂಡವರಿಗೂ ತಿಳಿಯದು. ಜಾನ್, ಥಾಮಸ್, ಮೇರಿ ಎಂಬುವು ಮತಗ್ರಂಥದ ಪರಭಾಷಾನಾಮಗಳು. ಹೀಗೆ ಯೌಗಿಕವು ರೂಢವಾಯಿತು. ಕೆಲವೇ ಹೆಸರುಗಳನ್ನು ಬಹುಜನರು ಹಂಚಿಕೊಂಡುದರಿಂದ ಊರು, ತಂದೆ, ಕಸಬು, ಮೈಗುಣ ಇವುಗಳಿಂದ ಎರಡನೆಯ ಹೆಸರುಗಳೇರ್ಪಟ್ಟು ಕ್ರಮವಾಗಿ ವಂಶನಾಮಗಳಾದುವು. ಮೊದಲ ಸ್ಮಿತ್ತನು ಕಮ್ಮಾರನು. ಅವನ ಮರಿಮಗನು ಕುಲುಮೆಯನ್ನೇ ಕಾಣದಿರಬಹುದು. ಅಡ್ಡಹೆಸರಿಗಿರುವ ‘ನಿಕ್‌ನೇಮ್’ ಎಂಬ ಪದಕ್ಕೂ ಇದೇ ಗತಿ: ‘ಈಕ್’ ಎಂದರೆ ಅಧಿಕವಾದುದು, ‘ಆ್ಯನ್’ ಎಂಬ ಉಪಪದದ ನಕಾರವು ಅದಕ್ಕೆ ಅಂಟಿಕೊಂಡು ಮೂಲವು ಮರೆಯಾಯಿತು.

ಆದುದರಿಂದ ಅನ್ವರ್ಥನಾಮವು ಬೇಕೆಂದ ಇಂಗ್ಲಿಷ್ ಕವಿಯು ರೂಢಿಯಲ್ಲಿರುವುದನ್ನು ಬಿಟ್ಟು ಹೊಸದನ್ನು ಕಟ್ಟಬೇಕಾಯಿತು. 1678ರಲ್ಲಿ ಬನ್ಯನ್ನನು ತನ್ನ ಯಾತ್ರಿಕನ ಕಥೆಯಲ್ಲಿ ಕ್ರಿಶ್ಚಿಯನ್, ಫೇತ್‌ಫುಲ್ ಎಂದು ಹೆಸರಿಟ್ಟನು. ಗುಣಗಳನ್ನೇ ಹೆಸರಾಗಿಡುವುದು ಆ ಕಾಲದ ಪ್ಯೂರಿಟನ್ನರಲ್ಲಿ ನಿಜವಾಗಿಯೂ ಇದ್ದ ಪದ್ಧತಿ. 1653ರ ಪಾರ್ಲಿಮೆಂಟಿನ ಸದಸ್ಯನೊಬ್ಬನ ಹೆಸರು ‘ದೇವರನ್ನು ಸ್ತುತಿಸು’ ಎಂಬರ್ಥದ ಪ್ರೇಸ್‌ಗಾಡ್ ಬೇರ್‌ಬೋನ್. ಶೆರಿಡನ್ನನ 1777ರ ‘ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್’ ನಾಟಕದಲ್ಲಿ ಚೆನ್ನಾಗಿ ಮೂದಲಿಸುವವಳು ಲೇಡಿ ಸ್ನೀರ್‌ವೆಲ್. ಹೊರಗೆ ಸಾಧು, ಒಳಗೆ ಕಪಟಿಯಾದವನು ಜೋಸೆಫ್ ಸರ್ಫೇಸ್, ಎಂದರೆ ಹೊರಮೈ. ಇದು ಅಭಿಧೆಯ ಕೆಲಸವಾದರೂ ಚಮತ್ಕಾರವಿಲ್ಲದಿಲ್ಲ. ರಂಗದ ಮೇಲಿನವರು ಆ ಹೆಸರನ್ನು ಸಾರಿ ಸಾರಿ ಹೇಳುತ್ತಲೂ ಅದರ ಅರ್ಥವನ್ನು ಕೇಳರು. ಪ್ರೇಕ್ಷಕನೊಬ್ಬನಿಗೇ ಅದು ಕೇಳಿಸುತ್ತದೆ.

ಕಾದಂಬರಿಗೆ ಈ ಉಪಾಯವು ಸಾಲದು. ಫೀಲ್ಡಿಂಗನು 1749ರಲ್ಲಿ ಸರ್ವಯೋಗ್ಯನಿಗೆ ಆಲ್‌ವರ್ದಿಯೆಂದೂ, ಬೆತ್ತ ಬೀಸುವ ಉಪಾಧ್ಯಾಯನಿಗೆ ಥ್ವಾಕಮ್ ಎಂದೂ ಹೆಸರಿಟ್ಟು, ನಾಯಕನನ್ನು ಮಾತ್ರ ಟಾಮ್ ಜೋನ್ಸ್ ಎಂದು ಕರೆದನು. ಗುಣವೂ ದೋಷವೂ ಬೆರೆತು, ಏಳುತ್ತ ಬೀಳುತ್ತ ಬೆಳೆಯತಕ್ಕ ಮನುಷ್ಯನಿಗೆ ಒಂದೇ ಗುಣದ ಹೆಸರು ಒಗ್ಗದಷ್ಟೆ. ಸಾಮಾನ್ಯರ ಹೆಸರೂ ವಂಶನಾಮವೂ ಪಾತ್ರಕ್ಕೆ ಬಂದುದು ಕಾದಂಬರಿಯೆಂಬ ಪ್ರಕಾರದ ಲಕ್ಷಣವೇ ಎಂದು ಇಯನ್ ವಾಟ್ ಎಂಬ ವಿಮರ್ಶಕನು 1957ರಲ್ಲಿ ಪ್ರತಿಪಾದಿಸಿದನು. ಹಾಗಾದರೆ ಈ ರೂಢನಾಮಗಳು ಮೂಕವಾದುವೇ? ಇಲ್ಲ, ವ್ಯಂಜನೆಗೆ ಅವಕಾಶವು ಇಲ್ಲಿಯೇ.

ಜೇನ್ ಆಸ್ಟೆನ್ನಳ ‘ಎಮ್ಮಾ’ ಕಾದಂಬರಿಯನ್ನು ನೋಡಿರಿ. ನಾಯಕನು ಜಾರ್ಜ್ ನೈಟ್ಲಿ. ನೈಟ್ ಎಂದರೆ ವೀರಯೋಧ, ಜಾರ್ಜನು ಆ ದೇಶದ ರಕ್ಷಕಸಂತ ಎಂದು ಉಪಾಧ್ಯಾಯನು ಹೇಳಿದರೆ ತಪ್ಪಲ್ಲ. ಆದರೆ ಕಥೆಯ ಜೀವವು ಅಲ್ಲಿಲ್ಲ. ಹೊಸದಾಗಿ ಊರಿಗೆ ಬಂದ ಮಿಸೆಸ್ ಎಲ್ಟನ್ನಳು ಆತನನ್ನು ‘ಮಿಸ್ಟರ್’ ಎಂಬುದಿಲ್ಲದೆ ಬರಿದೆ ನೈಟ್ಲಿಯೆಂದಾಗ ಎಮ್ಮಾ ಕೆರಳುತ್ತಾಳೆ. ಆ ಒಂದು ಲೋಪದಲ್ಲಿ ಆ ಹೆಂಗಸಿನ ಅಹಂಕಾರವೂ, ತಾನೇ ಅರಿಯದ ಎಮ್ಮಾಳ ಅನುರಾಗವೂ ಧ್ವನಿತವಾಗಿವೆ. ಮದುವೆ ನಿಶ್ಚಯವಾದ ಮೇಲೆ ಆತನೇ ಜಾರ್ಜ್ ಎಂದು ಕರೆಯೆಂದರೂ ಅವಳಿಗೆ ನಾಲಗೆ ಬಾರದು. ವಿವಾಹಸಮಯದಲ್ಲಿ ಚರ್ಚಿನಲ್ಲಿ ಒಮ್ಮೆ ಹೇಳುವೆನೆಂದು ನುಣುಚಿಕೊಳ್ಳುತ್ತಾಳೆ. ವ್ಯುತ್ಪತ್ತಿಯು ಇಲ್ಲಿ ಏನನ್ನು ತಿಳಿಸೀತು?

ವ್ಯುತ್ಪತ್ತಿಯ ಮೋಹವು ಎಂತಹ ಅನರ್ಥಕ್ಕೆ ದಾರಿಯಾದೀತೆಂಬುದನ್ನು ಹಾರ್ಡಿಯ 1891ರ ‘ಟೆಸ್’ ಕಾದಂಬರಿಯು ತೋರಿಸುತ್ತದೆ. ಡರ್ಬೀಫೀಲ್ಡ್ ಎಂಬುದು ಪ್ರಾಚೀನವಾದ ಡರ್ಬರ್‌ವಿಲ್ ವಂಶನಾಮದ ಅಪಭ್ರಂಶವೆಂದು ಪುರಾತನಶೋಧಕನಾದ ಪಾದ್ರಿಯೊಬ್ಬನು ಬಡ ವ್ಯಾಪಾರಿಗೆ ತಿಳಿಸುತ್ತಾನೆ. ಶೋಧನೆಯು ಸತ್ಯವೇ. ಆದರೆ ಅದನ್ನು ನಂಬಿ ಮಗಳು ಟೆಸ್ಸಳನ್ನು ಕಳುಹಿಸಿದ ಮನೆಯವರು ಸ್ಟೋಕ್ ಎಂಬ ಹೆಸರಿನ ವರ್ತಕವಂಶದವರು. ಹಿರಿಮೆಗಾಗಿ ಡರ್ಬರ್‌ವಿಲ್ ಎಂಬುದನ್ನು ತಾವಾಗಿ ಸೇರಿಸಿಕೊಂಡವರು. ಹೆಸರು ನಿಜವಾಗಿ ಉಳ್ಳವರಿಗೆ ಅನ್ನವಿಲ್ಲ. ಅನ್ನವುಳ್ಳವರಿಗೆ ಹೆಸರು ಎರವಲು. ಟೆಸ್ಸಳ ಕೇಡಿಗೆ ಆ ಮನೆಯೇ ಕಾರಣವಾಗುತ್ತದೆ. ಅವಳನ್ನು ಮದುವೆಯಾದ ಏಂಜಲ್ ಕ್ಲೇರನೂ ಮೊದಲು ಆ ವಂಶನಾಮಕ್ಕೆ ಹಿಗ್ಗಿ, ಅವಳ ಪೂರ್ವವೃತ್ತವನ್ನು ಕೇಳಿದ ಮೇಲೆ ಅದೇ ವಂಶದ ಜೀರ್ಣತೆಯನ್ನು ದೂರುತ್ತಾನೆ. ಮೂಲಾರ್ಥವನ್ನು ಅರಿತವರೆಲ್ಲ ಆ ಹುಡುಗಿಯನ್ನು ಅರಿಯದೆ ಹೋದರು. ಹೆಸರಿನ ಧಾತುವನ್ನು ಹಿಡಿದು ಪಾತ್ರವನ್ನು ಬಿಡುವ ವ್ಯಾಖ್ಯಾತೃವಿಗೆ ಇದಕ್ಕಿಂತ ಎಚ್ಚರಿಕೆಯುಂಟೆ?

ನಮ್ಮ ಹಿರಿಯ ರೂಪಾಂತರಕಾರರು ಈ ತೊಡಕನ್ನು ಬೇರೊಂದು ರೀತಿಯಲ್ಲಿ ದಾಟಿದರು. ಬಸವಪ್ಪಶಾಸ್ತ್ರಿಗಳು ಒಥೆಲೋವನ್ನು ಶೂರಸೇನನನ್ನಾಗಿಯೂ, ಎಂ. ಎಸ್. ಪುಟ್ಟಣ್ಣನವರು ಲಿಯರ್ ದೊರೆಯನ್ನು ಹೇಮಚಂದ್ರನನ್ನಾಗಿಯೂ ಮಾಡಿದರು. ರೂಢವನ್ನು ಯೌಗಿಕವಾಗಿಸಿದ ಈ ಕ್ರಮವು ರಾಜರ ಕಥೆಗೆ ಒಪ್ಪುವುದು. ಹೆಸರಿನ ವ್ಯವಹಾರವೇ ಕಥೆಯಾಗಿರುವ ಆಸ್ಟೆನ್, ಹಾರ್ಡಿಯರಿಗೆ ಒಪ್ಪದು. ಅಲ್ಲಿ ಹೆಸರನ್ನು ಇದ್ದಂತೆಯೇ ಇರಿಸಿ, ಕರೆಯುವ ಕ್ರಮವನ್ನು ಕನ್ನಡಿಸಬೇಕು. ‘ನೈಟ್ಲಿ ಬಂದ’ ಎಂಬುದಕ್ಕೂ ‘ನೈಟ್ಲಿಯವರು ಬಂದರು’ ಎಂಬುದಕ್ಕೂ ಇರುವ ಅಂತರವು ಕನ್ನಡಿಗನಾದ ವಿದ್ಯಾರ್ಥಿಗೆ ಹೇಳಿಕೊಡದೆಯೇ ತಿಳಿಯುತ್ತದೆ. ಕೋಶವನ್ನು ತೆರೆಯುವ ಮೊದಲು ಉಪಾಧ್ಯಾಯರು ಈ ಅಂತರದಿಂದ ಪಾಠವನ್ನು ಆರಂಭಿಸುವುದು ಯುಕ್ತವೆಂದು ತೋರುತ್ತದೆ. ವಿದ್ವಾಂಸರು ಪರಾಮರ್ಶಿಸಬೇಕು.