ಹೊಸಪೇಟೆ ಸೀಮೆಯ ಕುರಿಮಾಂಸದ ಸಾರು

ದನದ ಮಾಂಸವನ್ನು ಕಪ್ಪು ಬಿಯರಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯದ ಅಡುಗೆಗೆ ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ನೇರ ಜೋಡಿ ಇಲ್ಲವಾದರೂ, ಗಡಸು ಮಾಂಸವನ್ನು ಸಣ್ಣ ಉರಿಯಲ್ಲಿ ಮೆತ್ತಗಾಗಿಸುವ ಅದೇ ಕೈಚಳಕ ಇಲ್ಲಿನ ಕುರಿಮಾಂಸದ ಸಾರಿನಲ್ಲಿದೆ. ಸುಮಾರು 1520ರಲ್ಲಿ ವಿಜಯನಗರವನ್ನು, ಎಂದರೆ ಇಂದಿನ ಹಂಪಿಯನ್ನು, ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬೀದಿಬೀದಿಗಳಲ್ಲಿ ಮಾರುತ್ತಿದ್ದ ಕುರಿಮಾಂಸವು ಶುಭ್ರವೂ ಕೊಬ್ಬಿದ್ದೂ ಆಗಿತ್ತೆಂದು ಹೊಗಳಿದ್ದಾನೆ. ಅವನ ನಂತರದ ಫೆರ್ನಾವೊ ನೂನಿಜ್, ಇಲ್ಲಿನ ಅರಸರು ಎತ್ತು ಹಸುಗಳ ಮಾಂಸವನ್ನು ಮುಟ್ಟದೆ ಕುರಿ, ಹಂದಿ, ಜಿಂಕೆ, ಮೊಲ, ಕೌಜುಗಗಳನ್ನು ತಿನ್ನುತ್ತಿದ್ದರೆಂದು ಬರೆದಿದ್ದಾನೆ. ಮಾರುಕಟ್ಟೆಯನ್ನು ಇಷ್ಟು ಚೆನ್ನಾಗಿ ನೋಡಿದವರು ಒಲೆಯ ಮುಂದೆಯೂ ಒಂದಿಷ್ಟು ಹೊತ್ತು ನಿಲ್ಲಬೇಕಿತ್ತು.

ಈ ಸಾರಿಗೆ ಎಳೆಯ ಮಾಂಸಕ್ಕಿಂತ ಮೂಳೆಯೂ ನಾರೂ ಇರುವ ಕಾಲಿನ ತುಂಡುಗಳೇ ಮೇಲು. ಏಕೆಂದರೆ ಸ್ನಾಯುಗಳನ್ನು ಬಿಗಿದಿಡುವ ಕೊಲ್ಯಾಜನ್ ಎಂಬ ಪ್ರೋಟೀನು ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವಿನಲ್ಲಿ ನಿಧಾನವಾಗಿ ಕರಗಿ, ಜೆಲಾಟಿನ್ ಎಂಬ ಅಂಟಾದ ವಸ್ತುವಾಗಿ ರಸಕ್ಕೆ ಮೈ ಕೊಡುತ್ತದೆ. ಫ್ಲಾಂಡರ್ಸಿನಲ್ಲಿ ಬಿಯರಿನೊಳಗಿನ ಹುರಿದ ಮಾಲ್ಟು, ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಕೊಡುವ ಕಪ್ಪು ಬಣ್ಣವನ್ನೂ ನಸುಗಹಿಯನ್ನೂ ಇಲ್ಲಿ ಹುರಿದ ಒಣಕೊಬ್ಬರಿ, ಗಸಗಸೆ ಮತ್ತು ಕೆಂಡದಲ್ಲಿ ಸುಟ್ಟ ಈರುಳ್ಳಿಯನ್ನು ಅರೆದ ಮಸಾಲೆ ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ಕುಕ್ಕರು ಸಮಯ ಉಳಿಸುವುದೇನೋ ನಿಜ, ಆದರೆ ಮುಚ್ಚಿದ ಪಾತ್ರೆಯಲ್ಲಿ ನೀರು ಇಂಗದ ಕಾರಣ ರಸ ತೆಳ್ಳಗೇ ಉಳಿಯುವುದರಿಂದ, ಸೀಟಿ ಇಳಿದ ಮೇಲೆ ಮುಚ್ಚಳ ತೆಗೆದು ಮತ್ತೆ ಕುದಿಸುವುದು ಅನಿವಾರ್ಯ. ಇಂಥ ಸಾರಿಗೆ ಜೋಳದ ರೊಟ್ಟಿಯೇ ತಕ್ಕ ಜೊತೆ. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಕಂಪ್ಲಿಯವರು ಅನ್ನದ ಪರವಾಗಿ ವಾದಿಸಿದರೆ ಅದಕ್ಕೂ ಆಧಾರವಿದೆ.